ಓಡುತ್ತಿರುವ ಸರ್ವರ್‌ನಲ್ಲಿ ಕಾರ್ಡ್ ಬದಲಾವಣೆ

ಕೇಳುಗರೇ, ನಮಸ್ಕಾರ.

ಮನೆಗೆ ಬಂದ ಎಲೆಕ್ಟ್ರಿಷಿಯನ್ ಮೊದಲು ಕೇಳುವುದು, 'ಮೇನ್ ಎಲ್ಲಿದೆ?' ಅಂತ. ಹಗಲೂ ರಾತ್ರಿ ಲೆಕ್ಕ ನಡೆಯುವ ಯೂನಿಕ್ಸ್ ಸರ್ವರ್‌ನಲ್ಲಿ ಮೇನ್ ಆಫ್ ಮಾಡುವ ಮಾತೇ ಇಲ್ಲ. ಅದಕ್ಕೇ ಐಬಿಎಂನ ಹಲವು ಪವರ್ ಸರ್ವರ್‌ಗಳಲ್ಲಿ ಒಂದೊಂದು ಸ್ಲಾಟಿಗೂ, ಅಂದರೆ ಕಾರ್ಡ್ ಕೂರುವ ಜಾಗಕ್ಕೂ, ತನ್ನದೇ ಮೇನ್ ಇದ್ದ ಹಾಗೆ. ಉಳಿದದ್ದೆಲ್ಲ ಓಡುತ್ತಿರುವಾಗಲೇ ಆ ಒಂದು ಸ್ಲಾಟಿನ ಕರೆಂಟು ತೆಗೆಯಬಹುದು. ಸ್ಟೋರೇಜ್‌ಗೆ ಹೋಗುವ ಫೈಬರ್ ಚಾನೆಲ್ ಕಾರ್ಡ್ ಕೆಟ್ಟಾಗ ಬದಲಿಸುವುದು ಹೀಗೆ.

ಕಾರ್ಡ್ ಕೀಳುವುದು ಹತ್ತು ನಿಮಿಷದ ಕೆಲಸ. ಜಾಸ್ತಿ ಹೊತ್ತು ಹಿಡಿಯುವುದು ಅದಕ್ಕಿಂತ ಮುಂಚೆ ಮತ್ತು ಆಮೇಲೆ.

ಮುಂಚೆ ನೋಡಬೇಕಾದ್ದು ಇನ್ನೊಂದು ದಾರಿ. ಇಂಥ ಸರ್ವರ್‌ಗೆ ಸಾಮಾನ್ಯವಾಗಿ ಎರಡು ಕಾರ್ಡ್ ಹಾಕಿರುತ್ತಾರೆ. ಒಂದು ಹೋದರೂ ಇನ್ನೊಂದರಿಂದ ಡಿಸ್ಕ್ ಕಾಣುತ್ತಿರಲಿ ಅಂತ. ಒಂದು ರಾತ್ರಿ ನಾನು ಐಬಿಎಂನ ಯೂನಿಕ್ಸ್ ಆದ ಎಐಎಕ್ಸ್‌ನಲ್ಲಿ ಆರ್‌ಎಂಡೆವ್ ಆದೇಶ ಕೊಟ್ಟು ಕೆಟ್ಟ ಕಾರ್ಡನ್ನು ಬಿಡಿಸಲು ಹೋದೆ. ಯಂತ್ರ ಒಪ್ಪಲಿಲ್ಲ. 0514-062, ಸಾಧನ ಬ್ಯುಸಿ ಇದೆ ಅಂತು. ಡಿಸ್ಕಿಗೆ ಹೋಗುವ ದಾರಿಗಳನ್ನು ತೋರಿಸುವ ಎಲ್‌ಎಸ್‌ಪಾತ್ ಆದೇಶ ಹೊಡೆದು ನೋಡಿದರೆ, ಒಳ್ಳೆಯದು ಅಂದುಕೊಂಡಿದ್ದ ಕಾರ್ಡಿನ ಸಾಲುಗಳಲ್ಲೆಲ್ಲ 'ಫೇಲ್ಡ್'! ಕೇಬಲ್ ಸಡಿಲವಾಗಿ ಎಷ್ಟು ದಿನವಾಗಿತ್ತೋ, ಯಾರೂ ಗಮನಿಸಿರಲಿಲ್ಲ. ನಾವು 'ಕೆಟ್ಟದ್ದು' ಅಂತಿದ್ದ ಕಾರ್ಡೇ ಕುಂಟುತ್ತಾ ಇಡೀ ಭಾರ ಹೊತ್ತಿತ್ತು. ಆ ಸಂದೇಶ ಬಾರದೆ ಕಾರ್ಡ್ ಎಳೆದಿದ್ದರೆ ನನ್ನ ಕಥೆ ಅಲ್ಲಿಗೆ ಮುಗಿಯುತ್ತಿತ್ತು.

ದಾರಿ ಸರಿಯಿದೆ ಅಂತ ಖಾತ್ರಿಯಾದ ಮೇಲೆ, ಕಾರ್ಡಿನ ಡಬ್ಲ್ಯುಡಬ್ಲ್ಯುಪಿಎನ್ ಬರೆದಿಟ್ಟುಕೊಳ್ಳಿ. ಹದಿನಾರು ಅಕ್ಷರ–ಅಂಕಿಗಳ ಗುರುತು ಅದು. ಎಮುಲೆಕ್ಸ್ ಕಂಪನಿಯ ಕಾರ್ಡ್‌ಗಳಲ್ಲಿ ಎಷ್ಟೋ 10000000ಸಿ9 ಅಂತ ಶುರುವಾಗುತ್ತವೆ. ಎಲ್‌ಎಸ್‌ಸಿಎಫ್‌ಜಿ ಆದೇಶ ಅದನ್ನು 'ನೆಟ್‌ವರ್ಕ್ ಅಡ್ರೆಸ್' ಅಂತ ತೋರಿಸುತ್ತದೆ.

ಇನ್ನು ಕಾರ್ಡ್ ಕೀಳುವುದು. ಆರ್‌ಎಂಡೆವ್‌ನಿಂದ ಕಾರ್ಡ್ ಬಿಡಿಸಿ, ಎಲ್‌ಎಸ್‌ಸ್ಲಾಟ್ ಆದೇಶದಲ್ಲಿ ಸ್ಲಾಟ್ ಯಾವುದೆಂದು ನೋಡಿ, ಡಯಾಗ್ ಎಂಬ ಪರೀಕ್ಷಾ ಸಾಧನದ ಹಾಟ್ ಪ್ಲಗ್ (ಓಡುತ್ತಿರುವಾಗಲೇ ಬದಲಿಸುವ) ಮೆನುವಿನಲ್ಲಿ 'ಗುರುತಿಸು' ಅಂದರೆ ಆ ಸ್ಲಾಟಿನ ಕಿತ್ತಳೆ ದೀಪ ಮಿಣುಕುತ್ತದೆ. ಹಿಂದೆ ಹೋಗಿ ಆ ದೀಪವನ್ನೇ ಕಣ್ಣಲ್ಲಿ ನೋಡಬೇಕು. ನೆನಪಿನಿಂದ, ಅಂದಾಜಿನಿಂದ ಕೈ ಹಾಕಬೇಡಿ. ಪಕ್ಕಪಕ್ಕದಲ್ಲಿ ಒಂದೇ ಥರದ ಕಾರ್ಡ್‌ಗಳಿರುತ್ತವಲ್ವಾ? ಮೆನು ಹೇಳಿದ ಮೇಲೆಯೇ ಕೀಳಬೇಕು. ಮಣಿಕಟ್ಟಿಗೆ ಸ್ಥಿರ ವಿದ್ಯುತ್ ತಡೆಯುವ ಪಟ್ಟಿ ಕಟ್ಟುವುದನ್ನು ಮರೆಯಬೇಡಿ. ಫೈಬರ್ ತುದಿಗೆ ಮುಚ್ಚಳ ಹಾಕಿ. ಧೂಳಿನ ಒಂದು ಕಣ ಸಾಕು ತಲೆನೋವಿಗೆ.

ಹೊಸ ಕಾರ್ಡ್ ಕೂರಿಸಿ, ಹೊಸ ಸಾಧನ ಹುಡುಕುವ ಕಾನ್ಫಿಗ್ ಮ್ಯಾನೇಜರ್ ಓಡಿಸಿದಿರಿ. ಕಾರ್ಡ್ ಕಂಡಿತು, ಡಿಸ್ಕ್ ದಾರಿ ಕಾಣಲಿಲ್ಲ. ಹೊಸ ಕಾರ್ಡೂ ಕೆಟ್ಟದ್ದೇ ಅಂತ ವಾಪಸ್ ಕೊಡಲು ಹೊರಟವರನ್ನು ನೋಡಿದ್ದೇನೆ. ಕಾರ್ಡಿನ ತಪ್ಪಲ್ಲ ಅದು. ಗುರುತಿನ ಸಂಖ್ಯೆ ಬದಲಾಗಿದೆ, ಅಷ್ಟೇ. ಸರ್ವರ್–ಸ್ಟೋರೇಜ್ ನಡುವಿನ ಸ್ಯಾನ್ ಸ್ವಿಚ್‌ನಲ್ಲಿ ಯಾರು ಯಾರನ್ನು ಕಾಣಬಹುದೆಂದು ಹೇಳುವ ಜೋನಿಂಗ್‌ನಲ್ಲೂ ಸ್ಟೋರೇಜ್‌ನ ಪಟ್ಟಿಯಲ್ಲೂ ಇನ್ನೂ ಹಳೆಯ ಸಂಖ್ಯೆಯೇ ಇದೆ. ಹೊಸ ಮುಖವನ್ನು ಬಾಗಿಲಲ್ಲೇ ನಿಲ್ಲಿಸುತ್ತಾರೆ. ಸ್ಟೋರೇಜ್ ತಂಡದವರನ್ನು ರಾತ್ರಿ ಎರಡಕ್ಕೆ ಎಬ್ಬಿಸುವ ಬದಲು ಸಂಜೆಯೇ ಹೊಸ ಸಂಖ್ಯೆ ಕೊಟ್ಟಿಡಿ, ಕಾರ್ಡಿನ ಚೀಟಿ ಮೇಲೆಯೇ ಬರೆದಿರುತ್ತದೆ.

ಆಮೇಲೆ ಮತ್ತೆ ಎಲ್‌ಎಸ್‌ಪಾತ್. ಎರಡೂ ಕಾರ್ಡಿನ ಸಾಲುಗಳಲ್ಲಿ 'ಎನೇಬಲ್ಡ್' ಬಂತೇ? ಹಾಗಾದರೆ ಟೀ ಕುಡಿಯಲು ಹೊರಡಬಹುದು.

ನಮಸ್ಕಾರ.