ಸೇವಾ ವಲಯ ಬೆಳೆಯಿತಂತೆ. ಯಾವುದಕ್ಕೆ ಹೋಲಿಸಿ?

ನಮಸ್ಕಾರ. ‘ಸೇವಾ ವಲಯ ಇಷ್ಟು ಪರ್ಸೆಂಟ್ ಬೆಳೆಯಿತು’ ಅಂತ ಸುದ್ದಿ ಬಂದಾಗಲೆಲ್ಲ ನಾನು ಕೇಳುವುದು ಒಂದೇ: ಯಾವುದಕ್ಕೆ ಹೋಲಿಸಿ?

ಸೇವಾ ವಲಯ ಅಂದರೆ ಹೋಟೆಲ್, ಸಾರಿಗೆ, ವ್ಯಾಪಾರದಂಥವು. ನಮ್ಮ ಮಡಿಕೇರಿಯ ಹೋಂಸ್ಟೇಗಳನ್ನೇ ತೊಗೊಳ್ಳಿ. 2024ರಲ್ಲಿ ನವರಾತ್ರಿ ಶುರುವಾಗಿದ್ದು ಅಕ್ಟೋಬರ್ 3ಕ್ಕೆ. 2025ರಲ್ಲಿ ಸೆಪ್ಟೆಂಬರ್ 22ಕ್ಕೇ ಶುರು, ಅಕ್ಟೋಬರ್ 2ಕ್ಕೆ ವಿಜಯದಶಮಿ. ದಸರಾ ನೋಡಲು ಬರುವವರು ರೂಮು ಹಿಡಿಯುವುದು ಹಬ್ಬ ನೋಡಿಕೊಂಡು, ಅಂಕಿಅಂಶ ಇಲಾಖೆಯ ಕ್ಯಾಲೆಂಡರ್ ನೋಡಿಕೊಂಡಲ್ಲ. ಹೋಂಸ್ಟೇ ಲೆಕ್ಕದಲ್ಲಿ ಎರಡೂ ವರ್ಷದ ಸೆಪ್ಟೆಂಬರ್ ಪಕ್ಕಪಕ್ಕ ಇಟ್ಟರೆ ಭಾರಿ ಬೆಳವಣಿಗೆ ಕಾಣಬಹುದು. ಅಕ್ಟೋಬರ್ ಇಟ್ಟರೆ ಕುಸಿತ. ವ್ಯಾಪಾರ ಅಷ್ಟೇ ಇದ್ದರೂ!

ಹಾಗಂತ ಹಿಂದಿನ ತಿಂಗಳಿಗೆ ಹೋಲಿಸೋಣವಾ? ಮೇನಲ್ಲಿ ತುಂಬಿದ ರೂಮು ಜುಲೈ ಮಳೆಗೆ ಖಾಲಿ ಬೀಳುವುದು ಪ್ರತಿ ವರ್ಷದ ಕಥೆ. ಅದಕ್ಕೇ ಋತುಮಾನದ ಏರಿಳಿತ ಕಳೆದು ಲೆಕ್ಕ ಹಾಕುವ ವಿಧಾನ ಇರುವುದು. ಬ್ರಿಟನ್ ಹಾಗೆ ಲೆಕ್ಕ ಹಾಕಿದ ಸೇವಾ ಸೂಚ್ಯಂಕವನ್ನು ಪ್ರತಿ ತಿಂಗಳೂ ಕೊಡುತ್ತದೆ. ನಮ್ಮಲ್ಲಿ ಹೆಡ್‌ಲೈನ್ ಆಗುವುದು ಹೋದ ವರ್ಷದ ಇದೇ ತ್ರೈಮಾಸಿಕಕ್ಕೆ ಹೋಲಿಸಿದ ಅಂಕಿ.

ಅದರ ಎಡವಟ್ಟು ಲಾಕ್‌ಡೌನ್ ಹೊತ್ತಿನಲ್ಲಿ ಚೆನ್ನಾಗಿ ಕಂಡಿತು. 2020ರ ಏಪ್ರಿಲ್‌–ಜೂನ್‌ನಲ್ಲಿ ವ್ಯಾಪಾರ, ಹೋಟೆಲ್, ಸಾರಿಗೆ, ಸಂಪರ್ಕ ಸೇವೆಗಳ ಗುಂಪು ಮೊದಲ ಅಂದಾಜಿನಂತೆ ಶೇ. 47 ಕುಸಿದಿತ್ತು. ಮರುವರ್ಷ ಅದೇ ಗುಂಪು ಶೇ. 34.3 ಬೆಳೆಯಿತು ಅಂತ ಪ್ರಕಟಣೆ. ಕೇಳಲು ಚೆಂದ ಅಲ್ವಾ? ಲೆಕ್ಕ ಹಾಕಿ ನೋಡಿ. 100 ಇದ್ದದ್ದು 53ಕ್ಕೆ ಇಳಿದು, ಮತ್ತೆ ಏರಿದ್ದು 71ರ ಆಸುಪಾಸಿಗೆ. ಎರಡು ವರ್ಷದ ಹಿಂದಿಗಿಂತ ಕಾಲು ಭಾಗಕ್ಕೂ ಜಾಸ್ತಿ ಕಡಿಮೆ! 2021ರ ಜೂನ್‌ನಲ್ಲಿ ಕುಶಾಲನಗರದ ಟ್ಯಾಕ್ಸಿ ಸ್ಟ್ಯಾಂಡ್‌ನಲ್ಲಿ ನಿಂತು ‘ಶೇ. 34 ಬೆಳವಣಿಗೆ’ ಅಂದಿದ್ದರೆ ಬೈಸಿಕೊಳ್ಳಬೇಕಿತ್ತು.

ಬೆಲೆಯ ತೊಡಕು ಬೇರೆ. ಲಾಂಗ್ ವೀಕೆಂಡ್‌ಗೆ ಬಾಡಿಗೆ ಡಬಲ್ ಮಾಡಿದರೆ ಆದಾಯ ಏರುತ್ತದೆ, ಉಳಿದುಕೊಂಡ ಜನ ಅಷ್ಟೇ. ಕಾಫಿಯಾದರೆ 50 ಕೆಜಿ ಮೂಟೆ ಎಣಿಸಬಹುದು. ಸೇವೆಯನ್ನು ಹಾಗೆ ಎಣಿಸಲಾಗದು, ಬೆಲೆ ಏರಿಕೆ ಕಳೆದೇ ನೋಡಬೇಕು.

ತಿಂಗಳ ಮೊದಲ ವಾರ ಬರುವ ಸೇವಾ ಪಿಎಂಐ (ಕಂಪನಿಗಳನ್ನು ಕೇಳಿ ತಯಾರಿಸುವ ಸೂಚ್ಯಂಕ) ಇದೆಯಲ್ಲ, ಅದು ಬೇಗ ಸಿಗುತ್ತದೆ, ನನಗೂ ಇಷ್ಟ. ಆದರೆ 60 ಅಂದರೆ ಶೇ. 60 ಬೆಳವಣಿಗೆ ಅಲ್ಲ. ಸುಮಾರು 400 ಕಂಪನಿಗಳನ್ನು ‘ಹೋದ ತಿಂಗಳಿಗಿಂತ ಜಾಸ್ತಿಯಾ, ಅಷ್ಟೇನಾ, ಕಡಿಮೆಯಾ’ ಅಂತ ಕೇಳುತ್ತಾರೆ. ಜಾಸ್ತಿ ಅಂದವರ ಪಾಲಿಗೆ ಅಷ್ಟೇ ಅಂದವರ ಅರ್ಧ ಪಾಲು ಸೇರಿಸುತ್ತಾರೆ. 50 ದಾಟಿದರೆ ಏರಿಕೆ. ಎಷ್ಟು ಏರಿಕೆ ಅಂತ ಅದು ಹೇಳುವುದೇ ಇಲ್ಲ. ಚೆಟ್ಟಳ್ಳಿ ಕಡೆ ಮೂರು ರೂಮು ಇಟ್ಟುಕೊಂಡು ಫೋನಿನಲ್ಲೇ ಬುಕಿಂಗ್ ತೊಗೊಳ್ಳುವವರನ್ನು ಈ ಸಮೀಕ್ಷೆ ಕೇಳುವುದೂ ಇಲ್ಲ. ವರ್ಷದ ವಹಿವಾಟು 20 ಲಕ್ಷ ದಾಟದಿದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ಲೆಕ್ಕದಲ್ಲೂ ಅವರು ಸಿಗುವುದಿಲ್ಲ. ಅಂಥವರ ಬಗ್ಗೆ ಕೇಂದ್ರದ ಅಂಕಿಅಂಶ ಸಚಿವಾಲಯ 2025ರಿಂದ ಮೂರು ತಿಂಗಳಿಗೊಮ್ಮೆ ವರದಿ ಕೊಡಲು ಶುರು ಮಾಡಿದೆ. ಟಿವಿಯವರು ಅದನ್ನೂ ಸ್ವಲ್ಪ ಓದಲಿ.