ಜನ ಸೇರದಿದ್ದರೆ ಹೂವು ಯಾರಿಗೆ?

ಎಲ್ಲರಿಗೂ ನಮಸ್ಕಾರ. ಕೊರೊನಾ ಕಾಲದ ಮಾತು ಬಂದಾಗೆಲ್ಲ ನಾವು ಎರಡು ಲೆಕ್ಕ ಬೇರೆ ಬೇರೆ ಬರೀತೀವಿ. ಮದುವೆ, ಜಾತ್ರೆ, ತಿಥಿ ನಿಂತಿದ್ದು ಒಂದು ಕಡೆ. ವ್ಯಾಪಾರ, ಕೂಲಿ, ಸಾಲ ಇನ್ನೊಂದು ಕಡೆ. ಚಿಕ್ಕಬಳ್ಳಾಪುರದವರಿಗೆ ಇವೆರಡೂ ಒಂದೇ ಲೆಕ್ಕ. ನಮ್ಮ ಸೇವಂತಿಗೆ, ಗುಲಾಬಿ, ಚೆಂಡು ಹೂವಿಗೆ ಬೆಲೆ ಬರೋದೇ ನಾಲ್ಕು ಜನ ಸೇರಿದಾಗ.

2020ರ ಮಾರ್ಚ್ 25, ದೇಶಕ್ಕೆ ಬೀಗ ಬಿದ್ದ ಮೊದಲ ದಿನ. ಅವತ್ತೇ ಯುಗಾದಿ! ಹಬ್ಬಕ್ಕೆ ಕೊಯ್ಲಿಗೆ ಬರ್ಲಿ ಅಂತ ತಿಂಗಳುಗಟ್ಟಲೆ ಮುಂಚೆ ಸಸಿ ನಾಟಿರ್ತಾರೆ. ಹಿಂದೆಯೇ ಮದುವೆ ಸೀಸನ್ನು, ಊರಹಬ್ಬ, ತೇರು. ದೇವಸ್ಥಾನದ ಬಾಗಿಲು ಹಾಕಿತ್ತು, ಛತ್ರ ಖಾಲಿ. ಆಮೇಲೆ ಮದುವೆಗೆ 50 ಜನ, ಅಂತ್ಯಸಂಸ್ಕಾರಕ್ಕೆ 20 ಜನ ಅಂತ ನಿಯಮ ಬಂತು. ತರಕಾರಿನಾದ್ರೂ ಜನ ಮನೆಗೆ ಒಯ್ದು ಬೇಯಿಸಿಕೊಂಡರು. ಹೂವನ್ನ ಏನು ಮಾಡ್ತೀರಿ? ಬಿಡಿಸೋ ಕೂಲಿನೂ ಹುಟ್ಟಲ್ಲ ಅಂತ, ಅರಳಿ ನಿಂತ ತೋಟಕ್ಕೆ ರೋಟವೇಟರ್ ಹೊಡೆಸಿ ಗಿಡಾನೆಲ್ಲ ಮಣ್ಣಿಗೆ ಸೇರಿಸಿದವರಿದ್ದಾರೆ.

ಶಿಡ್ಲಘಟ್ಟದ ರೇಷ್ಮೆನೂ ಇದೇ ದಾರಿ. ಮದುವೆ ಇಲ್ಲ ಅಂದ್ರೆ ಸೀರೆ ಇಲ್ಲ, ಗೂಡಿಂದ ನೂಲು ಬಿಚ್ಚೋ ರೀಲರ್ ಹತ್ರ ನೂಲು ಉಳೀತು, ಗೂಡಿನ ರೇಟು ಬಿತ್ತು. ಬೆಲೆ ಬರಲಿ ಅಂತ ಗೂಡನ್ನ ಮನೇಲಿ ಇಟ್ಕೊಳ್ಳೋಕೂ ಆಗಲ್ಲ. ಕೆಲವೇ ದಿನದಲ್ಲಿ ಚಿಟ್ಟೆ ತೂತು ಮಾಡ್ಕೊಂಡು ಹೊರಗೆ ಬರುತ್ತೆ. ತೂತಾದ ಗೂಡಿಂದ ನೂಲು ಬಿಚ್ಚೋಕೆ ಬರಲ್ಲ.

ಆ ವರ್ಷ ಏಪ್ರಿಲ್‌ನಿಂದ ಜೂನ್‌ವರೆಗೆ ದೇಶದ ಜಿಡಿಪಿ ಸುಮಾರು 24% ಕುಸಿದಾಗ, ಕೃಷಿ ಮಾತ್ರ 3.4% ಬೆಳೀತು ಅಂತ ಲೆಕ್ಕ ಬಂತು. ಸುಳ್ಳು ಅನ್ನಲ್ಲ ನಾನು. ಗೋಧಿ ಚೆನ್ನಾಗಿ ಬಂದಿತ್ತು, ಸರ್ಕಾರ ಕೊಂಡುಕೊಳ್ತು. ಸೇವಂತಿಗೆ ಕೊಳ್ಳೋ ಸರ್ಕಾರ ಎಲ್ಲಿದೆ? ರೈತರೆಲ್ಲ ಪಾರಾದರು ಅಂತ ಆ ಒಂದು ಸಂಖ್ಯೆ ನೋಡಿ ಹೇಳಿದಾಗ ನನಗೆ ಹೊಟ್ಟೆ ಉರೀತಿತ್ತು.

ಪರಿಹಾರ ಬರಲಿಲ್ಲ ಅಂತಲ್ಲ. 2020ರ ಮೇನಲ್ಲಿ ರಾಜ್ಯ ಸರ್ಕಾರ 1,610 ಕೋಟಿ ರೂಪಾಯಿ ಪ್ಯಾಕೇಜ್ ಘೋಷಿಸ್ತು. ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000, ಕ್ಷೌರಿಕರಿಗೆ 5,000. ಎರಡನೇ ಅಲೆಯಲ್ಲಿ, 2021ರಲ್ಲಿ, ಹೂವಿಗೆ ಹೆಕ್ಟೇರಿಗೆ 10,000 ಆಯ್ತು. ಕೊಟ್ಟಿದ್ದು ಸರಿ. ಆದರೆ ಹೆಕ್ಟೇರು ಅಂದ್ರೆ ಪಹಣಿ, ಅಂದ್ರೆ ಜಮೀನಿನ ದಾಖಲೆ. ಗುತ್ತಿಗೆಗೆ ಜಮೀನು ಮಾಡೋನ ಹೆಸರು ಪಹಣೀಲಿ ಇರಲ್ಲ. ಬೆಳಗಿನ ಜಾವ ಹೂ ಬಿಡಿಸೋ ಹೆಂಗಸರು, ಜಗುಲಿ ಮೇಲೆ ಕೂತು ಮಾರು ಲೆಕ್ಕದಲ್ಲಿ ಕಟ್ಟಿಕೊಡೋ ಅಜ್ಜಿ, ಇವರಿಗೆ ಯಾವ ಹೆಕ್ಟೇರು? ಇವರ ಮನೇಲಿ ಸಂಘದ ಸಾಲ ಬೇರೆ. ರಿಸರ್ವ್ ಬ್ಯಾಂಕ್ 2020ರ ಆಗಸ್ಟ್ ಕೊನೆವರೆಗೂ ಕಂತು ಮುಂದೂಡೋಕೆ ಅವಕಾಶ ಕೊಟ್ಟಿತ್ತು. ಬಡ್ಡಿ ಮಾತ್ರ ಬೆಳೀತಾನೇ ಇತ್ತು.

ರೋಗ ಹರಡದಂಗೆ ತಡೀಲೇಬೇಕಿತ್ತು, ಅದರ ಮೇಲೆ ನನ್ನ ತಕರಾರಿಲ್ಲ. ಆದರೆ ಜನ ಸೇರಬೇಡಿ ಅಂತ ಆದೇಶ ಹೊರಡಿಸೋ ಸರ್ಕಾರ, ಜನ ಸೇರೋದ್ರಿಂದಲೇ ಅನ್ನ ಕಾಣೋರು ಯಾರು ಅಂತ ಮೊದಲೇ ಗೊತ್ತು ಮಾಡ್ಕೊಂಡಿರಬೇಕು. ಹೂ ಕಟ್ಟೋರು, ಓಲಗದೋರು, ಶಾಮಿಯಾನದೋರು, ಅಡುಗೆ ಭಟ್ಟರು, ಜಾತ್ರೇಲಿ ಬಳೆ ಮಾರೋರು. ಉದ್ಯೋಗ ಖಾತ್ರಿಗೆ ಮನೆ ಮನೆ ಹೆಸರು ಬರ್ಕೊಂಡಿರೋ ಪಂಚಾಯ್ತಿಗೆ ಇದೊಂದು ಪಟ್ಟಿ ಭಾರವಲ್ಲ. ಮುಂದಿನ ಗ್ರಾಮಸಭೆಗೆ ಹೋಗಿ ಕೇಳಿ. ನಿಮ್ಮ ಬೀದೀಲಿ ಹೂ ಕಟ್ಟೋರನ್ನೂ ಜೊತೆಗೆ ಕರ್ಕೊಂಡು ಹೋಗಿ, ಅವರ ಹೆಸರು ಅವರೇ ಬರೆಸಲಿ.