ಕೀಬೋರ್ಡ್ ಅವರ ಕೈಯಲ್ಲೇ ಇರಲಿ

(ಹಾಸನದಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಹೊಸದಾಗಿ ಕೆಲಸಕ್ಕೆ ಸೇರಿದವರ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಎರಡು ಥರದವರು ಕೂತಿದ್ದೀರಿ. ಕೋಡ್ ಬರೆಯೋಕೆ ಈಗಷ್ಟೇ ಕೈ ಹಾಕಿದವರು ಕೆಲವರು. ಅವರಿಗಿಂತ ಒಂದೆರಡು ವರ್ಷ ಮುಂದಿದ್ದು, ಹೇಳಿಕೊಡಬೇಕಾದವರು ಇನ್ನು ಕೆಲವರು. ನಾನು ಜಾಸ್ತಿ ಮಾತಾಡುವುದು ಈ ಎರಡನೆಯವರ ಹತ್ತಿರ.

ನೇರವಾಗಿ ಒಂದು ಉದಾಹರಣೆಗೆ ಬರುತ್ತೇನೆ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯುವಾಗ ಎಲ್ಲರಿಗೂ ಒಂದು ಲೆಕ್ಕ ಸಿಗುತ್ತದೆ: ಕೊಟ್ಟ ಪದವನ್ನು ತಿರುಗಿಸಿ ಬರೆಸಿ. ಪುಸ್ತಕದಲ್ಲಿ ಇಂಗ್ಲಿಷ್ ಪದ ಇರುತ್ತದೆ, ಸಲೀಸಾಗಿ ಆಗಿಬಿಡುತ್ತದೆ. ಒಬ್ಬ ಹುಡುಗಿ ಅಲ್ಲಿಗೆ ನಿಲ್ಲಿಸದೆ ನಮ್ಮೂರಿನ ಹೆಸರು ಹಾಕಿ ನೋಡುತ್ತಾಳೆ ಅಂದುಕೊಳ್ಳಿ. 'ಹಾಸನ' ತಿರುಗಿದರೆ 'ನಸಹಾ' ಆಗಬೇಕು, ಅಲ್ವಾ? ಬರುವುದು 'ನಸಾಹ'. ದೀರ್ಘದ ಗುರುತು 'ಹ'ವನ್ನು ಬಿಟ್ಟು 'ಸ'ಕ್ಕೆ ಅಂಟಿಕೊಂಡಿದೆ. ಪದದ ಉದ್ದ ಕೇಳಿದರೆ ಮೂರು ಅನ್ನುವ ಬದಲು ನಾಲ್ಕು ಅನ್ನುತ್ತದೆ. ಅವಳು ನಿಮ್ಮ ಮುಖ ನೋಡುತ್ತಾಳೆ.

ಆಗ ನೀವೇನು ಮಾಡುತ್ತೀರಿ? ಹೆಚ್ಚಿನವರು "ಸ್ವಲ್ಪ ಪಕ್ಕಕ್ಕೆ ಸರಿ" ಅಂತ ಕೀಬೋರ್ಡ್ ಎಳೆದುಕೊಳ್ಳುತ್ತಾರೆ. ಯಾವುದೋ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್, ಹಾಕಿ ಎರಡು ನಿಮಿಷದಲ್ಲಿ ಸರಿ ಮಾಡಿ ಎದ್ದು ಹೋಗುತ್ತಾರೆ. ಪ್ರೋಗ್ರಾಂ ಸರಿಹೋಯಿತು. ಹುಡುಗಿ ಇದ್ದಲ್ಲೇ ಇದ್ದಾಳೆ.

ಅದರ ಬದಲು ಒಂದು ಪ್ರಶ್ನೆ ಕೇಳಿ. "ನಾಲ್ಕು ಅಂತಿದೆಯಲ್ಲ, ಯಾವ ನಾಲ್ಕು? ಒಂದೊಂದಾಗಿ ಪ್ರಿಂಟ್ ಮಾಡಿ ನೋಡು." ಮಾಡುತ್ತಾಳೆ. 'ಹ' ಬರುತ್ತದೆ, ಆಮೇಲೆ ದೀರ್ಘದ ಗುರುತು ಒಂಟಿಯಾಗಿ, ಆಮೇಲೆ 'ಸ', 'ನ'. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ವ್ಯಂಜನಕ್ಕೊಂದು ಸಂಖ್ಯೆ, ಸ್ವರದ ಗುರುತಿಗೆ ಬೇರೆ ಸಂಖ್ಯೆ ಇದೆ ಅನ್ನುವುದು ಅವಳ ಕಣ್ಣಿಗೇ ಬೀಳುತ್ತದೆ. ಇನ್ನು ಅವಳನ್ನು ಹಿಡಿದು ನಿಲ್ಲಿಸೋಕಾಗಲ್ಲ. 'ಚಿಕ್ಕಮಗಳೂರು' ಹಾಕುತ್ತಾಳೆ. ನಮ್ಮ ಕಣ್ಣಿಗೆ ಆರು ಅಕ್ಷರ, ಪೈಥಾನ್ ಲೆಕ್ಕದಲ್ಲಿ 11. ಆ ಸಂಖ್ಯೆಗಳನ್ನು ಯುಟಿಎಫ್-8 ಅನ್ನುವ ಕ್ರಮದಲ್ಲಿ ಫೈಲಿಗೆ ಉಳಿಸಿದರೆ ಒಂದೊಂದಕ್ಕೂ 3 ಬೈಟ್, ಒಟ್ಟು 33. ಹಾಗಾದರೆ ಅರ್ಜಿಯಲ್ಲಿ ಊರಿನ ಹೆಸರಿಗೆ ಹತ್ತೇ ಅಕ್ಷರ ಅಂತ ಮಿತಿ ಹಾಕಿದರೆ ಚಿಕ್ಕಮಗಳೂರಿನವರು ಏನು ಬರೆಯಬೇಕು? ಈ ಪ್ರಶ್ನೆಯನ್ನು ಅವಳೇ ಕೇಳಿದರೆ ನಿಮ್ಮ ಕೆಲಸ ಮುಕ್ಕಾಲು ಮುಗಿಯಿತು. ಲೈಬ್ರರಿಯ ಹೆಸರನ್ನು ಆಮೇಲೆ ಹೇಳಿ, ತೊಂದರೆಯಿಲ್ಲ.

ಎರರ್ ಬಂದಾಗಲೂ ಅಷ್ಟೇ. ಕೆಂಪು ಸಾಲುಗಳು ಕಂಡ ಕೂಡಲೇ ಹೊಸಬರು ಓದದೆ ಕಿಟಕಿ ಮುಚ್ಚುತ್ತಾರೆ. ಪೈಥಾನ್‌ನಲ್ಲಿ ಕೊನೆಯ ಸಾಲನ್ನು ಮೊದಲು ಓದಬೇಕು. ಏನಾಯಿತು ಅನ್ನುವುದು ಅಲ್ಲಿರುತ್ತದೆ, ಎಲ್ಲಿ ಆಯಿತು ಅನ್ನುವುದು ಅದರ ಮೇಲಿರುತ್ತದೆ. ಅದನ್ನು ಅವರ ಬಾಯಿಂದಲೇ ಜೋರಾಗಿ ಓದಿಸಿ.

ಹೊಸಬರಿಗೂ ಒಂದು ಮಾತು. "ಸರ್, ವರ್ಕ್ ಆಗ್ತಿಲ್ಲ" ಅಂದರೆ ಯಾರಿಗೂ ಏನೂ ತಿಳಿಯಲ್ಲ. ಏನು ಮಾಡಿದೆ, ಏನು ಬರಬೇಕಿತ್ತು, ಏನು ಬಂತು, ಈ ಮೂರನ್ನು ಹೇಳಿ. ಎಷ್ಟೋ ಸಲ ಅದನ್ನು ಬರೆಯುತ್ತಾ ಇರುವಾಗಲೇ ಉತ್ತರ ಹೊಳೆಯುತ್ತದೆ. ಕೊನೆಯ ವರ್ಷದ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ತರಬೇಡಿ ಅಂತಲೂ ಕೈಮುಗಿದು ಕೇಳುತ್ತೇನೆ. ಸಣ್ಣದಾಗಿರಲಿ, ನೀವೇ ಬರೆದದ್ದಾಗಿರಲಿ. ಸಂದರ್ಶನದಲ್ಲಿ "ಈ ಸಾಲು ಯಾಕೆ?" ಅಂದಾಗ ಬಾಯಿ ಬರುವುದು ನೀವೇ ಬರೆದಿದ್ದರೆ ಮಾತ್ರ.

ಇಂಗ್ಲಿಷ್ ಬರಲ್ಲ ಅನ್ನುವ ಅಳುಕು ನಮ್ಮ ಕಡೆಯ ಮಕ್ಕಳಿಗೆ ಜಾಸ್ತಿ. ಪೈಥಾನ್‌ನಲ್ಲಿ ಭಾಷೆಯ ಬಳಕೆಗೇ ಕಾದಿರಿಸಿದ ಪದಗಳು (if, for ಥರದವು) 35. ಶುರು ಮಾಡೋಕೆ ಅದರಲ್ಲಿ ಅರ್ಧವೂ ಬೇಕಿಲ್ಲ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಲೂಪ್ ಅಂದರೇನು ಅನ್ನುವುದನ್ನು ಕನ್ನಡದಲ್ಲೇ ಹೇಳಿಕೊಡಿ. ಕೈಪಿಡಿಯ ಇಂಗ್ಲಿಷನ್ನು ಪಕ್ಕದಲ್ಲಿ ಕೂತು ನಿಧಾನವಾಗಿ ಓದಿಸಿ.

ಇದನ್ನೆಲ್ಲ ಕಲಿಯೋಕೆ ಬೆಂಗಳೂರಿಗೇ ಹೋಗಬೇಕು ಅಂತ ಯಾರೂ ಅಂದುಕೊಳ್ಳಬೇಡಿ. ಹಾಸನದಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಶುರುವಾಗಿದ್ದು 1982ರಲ್ಲಿ. ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ನಮ್ಮೂರಿನಿಂದ ನಿಭಾಯಿಸುತ್ತಿದ್ದಾರೆ. ಮೂರನೇ ವರ್ಷದವರು ಎರಡನೇ ವರ್ಷದವರ ಪಕ್ಕ ಕೂರೋಕೆ ಯಾರ ಅಪ್ಪಣೆ ಬೇಕು?

ಕೆಲಸದಲ್ಲಿರುವವರೇ, ನಿಮ್ಮ ತಂಡಕ್ಕೆ ಹೊಸಬರು ಬಂದ ದಿನ ಕಂಪ್ಯೂಟರನ್ನು ಕೆಲಸಕ್ಕೆ ಸೆಟಪ್ ಮಾಡುವ ಟಿಪ್ಪಣಿ ಕೊಡುತ್ತೀರಿ. ಅದರಲ್ಲಿ ಎಲ್ಲಿ ಎಡವಿದರೋ ಅಲ್ಲೇ ಅವರಿಂದ ತಿದ್ದಿಸಿ. ಬದಲಾವಣೆಗಳನ್ನು ದಾಖಲಿಸಿಡುವ ಗಿಟ್‌ನಲ್ಲಿ ಅವರ ಮೊದಲ ಕಮಿಟ್, ಅಂದರೆ ದಾಖಲಾಗುವ ಮೊದಲ ಬದಲಾವಣೆ, ಅದೇ ಆಗಲಿ. ಮುಂದೆ ಬರುವವರಿಗೆ ಅದರಿಂದ ನಿಜವಾಗಿ ಉಪಯೋಗ ಇದೆ. ಅವರ ಕೋಡ್ ಓದಿ ರಿವ್ಯೂ ಮಾಡುವಾಗ "ಇದು ತಪ್ಪು" ಅಂತ ಬರೆದು ಬಿಡಬೇಡಿ. "ಪಟ್ಟಿ ಖಾಲಿ ಇದ್ದರೆ ಈ ಸಾಲು ಏನು ಮಾಡುತ್ತದೆ?" ಅಂತ ಕೇಳಿ. ಅವರು ಖಾಲಿ ಪಟ್ಟಿ ಕೊಟ್ಟು ಓಡಿಸಿ ನೋಡುತ್ತಾರೆ. ಅವರು ಕೇಳಿದ್ದು ನಿಮಗೂ ಗೊತ್ತಿಲ್ಲದಿದ್ದರೆ, ಗೊತ್ತಿಲ್ಲ ಅಂತ ಹೇಳಿ ಅವರ ಎದುರೇ ಹುಡುಕಿ. ಯಾವ ಪುಟ ತೆರೆದಿರಿ, ಯಾವುದನ್ನು ಬಿಟ್ಟಿರಿ, ಯಾಕೆ ಬಿಟ್ಟಿರಿ, ಎಲ್ಲ ಅವರು ನೋಡಲಿ.

ಈಗ ನಿಮ್ಮ ಪ್ರಶ್ನೆಗಳು. ಹಿಂದಿನ ಸಾಲಿನವರಿಂದ ಶುರು ಮಾಡೋಣ.